ಆನ್‌ಲೈನ್ ಅದ್ಭುತಲೋಕದ ಆಟಗಳಲ್ಲಿ ಪಾತ್ರಧಾರಣೆ

ಅಂತರ್ಜಾಲದ ಮೂಲಕ ಸಾವಿರಾರು ಜನ ಒಂದೇ ಕಲ್ಪಿತ ಲೋಕದೊಳಗೆ ಸೇರಿ ಆಡುವ ಆಟಗಳಿವೆ. ಅವುಗಳಲ್ಲಿ ಆಟಗಾರ ತನ್ನ ಹೆಸರು, ಊರು, ಉದ್ಯೋಗಗಳನ್ನು ಹೊರಗಿಟ್ಟು, ತಾನು ಕಟ್ಟಿಕೊಂಡ ಪಾತ್ರವಾಗಿಯೇ ಮಾತನಾಡಿ ನಡೆದುಕೊಳ್ಳುವ ರೂಢಿಗೆ ಪಾತ್ರಧಾರಣೆ ಎನ್ನಬಹುದು. ಆಟಗಾರರ ಬಾಯಲ್ಲಿ ಅದು ರೋಲ್‌ಪ್ಲೇ, ಇನ್ನೂ ಚಿಕ್ಕದಾಗಿ ಆರ್‌ಪಿ. ಈ ಆಟಗಳ ಇಡೀ ಪ್ರಕಾರಕ್ಕೇ ‘ರೋಲ್‌ಪ್ಲೇಯಿಂಗ್ ಗೇಮ್’ ಎಂಬ ಹೆಸರಿರುವುದರಿಂದ ಗೊಂದಲವಾಗುವುದುಂಟು. ಹೆಸರಿನಲ್ಲಿ ಪಾತ್ರವಿದ್ದರೂ ಬಹುಪಾಲು ಆಟಗಾರರು ಪಾತ್ರ ಧರಿಸುವುದಿಲ್ಲ. ಪರದೆಯ ಮೇಲಿನ ಯೋಧ ಅವರಿಗೊಂದು ಸಲಕರಣೆ. ರಾಕ್ಷಸನನ್ನು ಕೊಲ್ಲಲು, ಮಟ್ಟ ಏರಲು, ಒಳ್ಳೆಯ ಕತ್ತಿ ಗಳಿಸಲು ಬೇಕಾದ ಕೈ. ಪಾತ್ರಧಾರಿಯ ಲೆಕ್ಕದಲ್ಲಿ ಅದೇ ಯೋಧನಿಗೆ ಊರಲ್ಲಿ ತಾಯಿ ಇದ್ದಾಳೆ, ಎಡ ಮೊಣಕಾಲಿನಲ್ಲಿ ಹಳೆಯ ನೋವಿದೆ, ಕೊಟ್ಟ ಮಾತಿಗೆ ತಪ್ಪಿದ ಒಂದು ಪ್ರಸಂಗ ಮನಸ್ಸಿನಲ್ಲಿ ಕೊರೆಯುತ್ತಿದೆ.

ಹೊರಗಿನವರು ಬಂದು ಹೆಗಲ ಮೇಲಿಂದ ಇಣುಕಿದರೆ ನೋಡುವಂಥದ್ದೇನೂ ಕಾಣುವುದಿಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಸ್ಟಾರ್ಮ್‌ವಿಂಡ್ ನಗರದ ಒಂದು ಪಡಖಾನೆ ಎಂದುಕೊಳ್ಳಿ. ಆರೇಳು ಆಕೃತಿಗಳು ಅಲ್ಲಲ್ಲಿ ಕೂತಿವೆ, ನಿಂತಿವೆ. ಅರ್ಧ ಗಂಟೆ ಕಳೆದರೂ ಯಾರೂ ಕತ್ತಿ ಹಿರಿಯುವುದಿಲ್ಲ. ನಡೆಯುವುದೆಲ್ಲ ಪರದೆಯ ಕೆಳಮೂಲೆಯ ಮಾತಿನ ಚೌಕದಲ್ಲಿ. ಅಲ್ಲಿ ಎರಡು ಬಗೆಯ ಸಾಲುಗಳು ಹರಿದು ಬರುತ್ತವೆ. ಒಂದು, ಪಾತ್ರ ಆಡಿದ ಮಾತು. ಇನ್ನೊಂದು, ಪಾತ್ರ ಮಾಡುತ್ತಿರುವುದರ ವರ್ಣನೆ. ಇದಕ್ಕೆ ಇಮೋಟ್ ಎಂದು ಹೆಸರು. ಲೋಟವನ್ನು ಬೆರಳಿನಲ್ಲಿ ತಿರುಗಿಸುತ್ತಾಳೆ, ಬಾಗಿಲ ಸದ್ದಿಗೆ ತಲೆ ಎತ್ತಿ ಮತ್ತೆ ತಗ್ಗಿಸುತ್ತಾಳೆ ಎಂಬಂಥ ಸಾಲು. ಆಟದ ಯಂತ್ರಕ್ಕೆ ಈ ಲೋಟ ಗೊತ್ತಿಲ್ಲ, ತಲೆ ಎತ್ತಿದ್ದೂ ಗೊತ್ತಿಲ್ಲ. ಆ ಲೋಟ ಇರುವುದು ಸಾಲನ್ನು ಓದುತ್ತಿರುವ ಐದಾರು ಮಂದಿಯ ಒಪ್ಪಿಗೆಯಲ್ಲಿ. ಅವರಲ್ಲೊಬ್ಬ ‘ಯಾಕಮ್ಮ, ಯಾರನ್ನಾದರೂ ಕಾಯುತ್ತಿದ್ದೀಯಾ?’ ಎಂದು ಕೇಳಿದ ಕೂಡಲೇ ಲೋಟವೂ ನಿಜವಾಗುತ್ತದೆ, ಕಾಯುವಿಕೆಯೂ ನಿಜವಾಗುತ್ತದೆ. ಪಾತ್ರಧಾರಣೆಯ ಸೆಳೆತಕ್ಕೆ ವಿದ್ವಾಂಸರು ಕೊಟ್ಟ ಕಾರಣಗಳು ಹಲವು. ಎಲ್ಲಕ್ಕೂ ಬುಡದಲ್ಲಿರುವುದು ಇದು: ನಾನು ಕಲ್ಪಿಸಿದ್ದಕ್ಕೆ ಇನ್ನೊಬ್ಬರು, ಅದು ಇದೆ ಎಂದೇ ನಂಬಿ, ಉತ್ತರ ಕೊಡುತ್ತಾರೆ.

ಹಿನ್ನೆಲೆ

ಈ ರೂಢಿ ಗಣಕಯಂತ್ರಕ್ಕಿಂತ ಮೊದಲು ಮೇಜಿನ ಸುತ್ತ ಹುಟ್ಟಿತು. 1969ರಲ್ಲಿ ಅಮೆರಿಕದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳ ಯುದ್ಧಕ್ರೀಡೆಯ ಬಳಗದಲ್ಲಿ ಡೇವಿಡ್ ವೆಸ್ಲಿ ಒಂದು ಪ್ರಯೋಗ ಮಾಡಿದರು. ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಪಟ್ಟಣ. ಎಂದಿನಂತೆ ಎರಡು ಸೈನ್ಯಗಳನ್ನಷ್ಟೇ ಹಂಚದೆ, ಪಟ್ಟಣದ ಮೇಯರು, ಬ್ಯಾಂಕಿನ ಯಜಮಾನ, ವಿಶ್ವವಿದ್ಯಾಲಯದ ಮುಖ್ಯಸ್ಥ ಎಂದು ಒಬ್ಬೊಬ್ಬರಿಗೂ ಒಂದೊಂದು ಪಾತ್ರ ಕೊಟ್ಟರು. ಸೈನ್ಯಗಳು ಎದುರಾಗುವ ಮೊದಲೇ ಆಟಗಾರರು ಮೇಜು ಬಿಟ್ಟೆದ್ದು, ಮೂಲೆ ಮೂಲೆಯಲ್ಲಿ ಗುಟ್ಟಿನ ಮಾತುಕತೆಗೆ ತೊಡಗಿದರು. ಆಟ ಕೈತಪ್ಪಿತು, ಕೆಟ್ಟಿತು ಎಂದೇ ವೆಸ್ಲಿ ತಿಳಿದರು. ಆಡಿದವರು ಮಾತ್ರ ಇನ್ನೊಮ್ಮೆ ಆಡಿಸು ಎಂದು ಬೆನ್ನು ಹತ್ತಿದರು. ಪಾತ್ರಧಾರಣೆಯ ರುಚಿಯನ್ನು ಮೊದಲು ಕಂಡುಹಿಡಿದವರು ಆಟ ರಚಿಸಿದವರಲ್ಲ, ಆಡಿದವರು ಎಂಬುದು ನೆನಪಿಡಬೇಕಾದ ಸಂಗತಿ. ಮುಂದಿನ ಐದು ದಶಕಗಳಲ್ಲೂ ಹೆಚ್ಚುಕಡಿಮೆ ಹೀಗೆಯೇ ನಡೆದಿದೆ.

ಆ ಬಳಗದಲ್ಲಿದ್ದ ಡೇವ್ ಆರ್ನೆಸನ್ ಇದೇ ಬಗೆಯನ್ನು ಕೋಟೆ, ನೆಲಮಾಳಿಗೆ, ಮಾಟಗಾರರ ಲೋಕಕ್ಕೆ ಒಯ್ದರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್ ಜೊತೆಗೂಡಿ ಅವರು ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಹೊರಬಂತು. ಮೇಜಿನ ಒಂದು ತುದಿಯಲ್ಲಿ ಕತೆ ನಡೆಸುವವನು, ಸುತ್ತ ನಾಲ್ಕಾರು ಪಾತ್ರಧಾರಿಗಳು, ಸೋಲು ಗೆಲುವಿಗೆ ದಾಳ. ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ಈ ಬಳಗಗಳ ನಡುವೆ ಕೂತು ನೋಡಿ 1983ರಲ್ಲಿ ‘ಶೇರ್ಡ್ ಫ್ಯಾಂಟಸಿ’ ಬರೆದರು. ಅವರು ಗುರುತಿಸಿದ ಮೂರು ನೆಲೆಗಳು ಇಂದಿಗೂ ಉಪಯುಕ್ತ. ಮನೆಮಠವಿರುವ ವ್ಯಕ್ತಿ, ನಿಯಮ ಬಲ್ಲ ಆಟಗಾರ, ಆಟದೊಳಗಿನ ಪಾತ್ರ: ಒಬ್ಬನೇ ಮನುಷ್ಯ ಒಂದೇ ಸಂಜೆಯಲ್ಲಿ ಈ ಮೂರರ ನಡುವೆ ಓಡಾಡುತ್ತಿರುತ್ತಾನೆ. ಬಾಗಿಲಾಚೆ ವೈರಿ ಅಡಗಿದ್ದಾನೆಂದು ಆಟಗಾರನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ಗೊತ್ತಿದ್ದೂ ಬಾಗಿಲು ತೆರೆಯುವುದೇ ಕಲೆ.

ಗಣಕದಲ್ಲಿ ಜನ ಹಂಚಿಕೊಂಡ ಮೊದಮೊದಲ ಲೋಕಗಳಲ್ಲೊಂದು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ಕಣ್ಣುಬಿಟ್ಟಿತು. ವಿದ್ಯಾರ್ಥಿ ರಾಯ್ ಟ್ರಬ್‌ಶಾ ಆರಂಭಿಸಿ, ರಿಚರ್ಡ್ ಬಾರ್ಟಲ್ ಬೆಳೆಸಿದ ಆ ಆಟಕ್ಕೆ ಮಡ್ ಎಂದು ಹೆಸರು. ಚಿತ್ರವಿಲ್ಲ, ಸದ್ದಿಲ್ಲ, ಕೋಣೆಯ ವರ್ಣನೆ, ಅಲ್ಲಿರುವವರ ಹೆಸರು, ಟೈಪಿಸಿದ ಆಜ್ಞೆ, ಅಷ್ಟೆ. ಅದರ ಹೆಸರೇ ಮುಂದೆ ಒಂದು ಜಾತಿಯ ಹೆಸರಾಯಿತು. 1989ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೇಮ್ಸ್ ಆಸ್ಪ್ನಿಸ್ ರಚಿಸಿದ ಟೈನಿಮಡ್‌ನಲ್ಲಿ ಕೊಲ್ಲುವುದಕ್ಕಿಂತ ಕಟ್ಟುವುದು, ಹರಟುವುದೇ ಮುಖ್ಯವಾಯಿತು. ಅದರ ಬೆನ್ನಿಗೆ ಬಂದ ಪಠ್ಯಲೋಕಗಳಲ್ಲಿ ಒಂದಾದ, ಆನ್ ಮೆಕ್ಯಾಫ್ರಿಯವರ ಕಾದಂಬರಿಗಳ ಪರ್ನ್ ಲೋಕದಲ್ಲಿ ಜನ ಪಾತ್ರಗಳಾಗಿ ಬದುಕತೊಡಗಿದರು. 1991ರಲ್ಲಿ ಶುರುವಾದ ಆರ್ಮಗೆಡ್ಡನ್ ಎಂಬ ಮಡ್ ಇನ್ನೂ ಕಟ್ಟುನಿಟ್ಟು. ಅಲ್ಲಿ ಪಾತ್ರ ಬಿಟ್ಟು ಮಾತನಾಡುವಂತಿಲ್ಲ. ಪಾತ್ರ ಸತ್ತರೆ ಸತ್ತಂತೆಯೇ, ತಿಂಗಳುಗಟ್ಟಲೆ ಕಟ್ಟಿದ್ದು ಒಂದು ಕ್ಷಣದಲ್ಲಿ ಮುಗಿಯಿತು. ಸಾವು ಸಾವೇ ಆಗಿರುವ ಲೋಕದಲ್ಲಿ ಹೆದರಿಕೆಗೂ ಧೈರ್ಯಕ್ಕೂ ತೂಕ ಬರುತ್ತದೆ ಎಂಬುದು ಅಲ್ಲಿಯವರ ಅನುಭವ.

ಇಲ್ಲಿ ಒಂದು ಶಬ್ದದ ಪಯಣವನ್ನು ಹೇಳಬೇಕು. ಆಟದೊಳಗಿನ ನಮ್ಮ ರೂಪಕ್ಕೆ ಈಗ ಜಗತ್ತೆಲ್ಲ ಬಳಸುವ ಮಾತು ‘ಅವತಾರ’. ರಿಚರ್ಡ್ ಗ್ಯಾರಿಯಟ್ 1985ರ ಅಲ್ಟಿಮಾ 4 ಆಟದಲ್ಲಿ ಎಂಟು ಸದ್ಗುಣಗಳನ್ನು ಸಾಧಿಸಿದ ನಾಯಕನಿಗೆ ಈ ಹೆಸರಿಟ್ಟರು. ಮರುವರ್ಷ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯ ಹ್ಯಾಬಿಟ್ಯಾಟ್ ಎಂಬ ಆನ್‌ಲೈನ್ ಲೋಕದಲ್ಲಿ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್, ಪರದೆಯ ಮೇಲೆ ಆಟಗಾರನನ್ನು ಪ್ರತಿನಿಧಿಸುವ ಆಕೃತಿಗೆ ಇದನ್ನೇ ಬಳಸಿದರು. ದೇವರು ಲೋಕಕ್ಕೆ ಇಳಿದು ಬರುವುದನ್ನು ಹೇಳುತ್ತಿದ್ದ ಮಾತು, ಮನುಷ್ಯ ತಾನೇ ಕಲ್ಪಿಸಿದ ಲೋಕಕ್ಕೆ ಇಳಿಯುವುದನ್ನು ಹೇಳತೊಡಗಿತು. ಇಳಿದ ಮೇಲೆ ಆ ಲೋಕದ ಕಟ್ಟಳೆಗೆ ಒಳಪಡಬೇಕು ಎಂಬ ಅರ್ಥ ಎರಡರಲ್ಲೂ ಉಳಿದಿದೆ.

ಚಿತ್ರರೂಪದ ದೊಡ್ಡ ಲೋಕಗಳು ತೊಂಬತ್ತರ ದಶಕದ ಕೊನೆಯಲ್ಲಿ ಬಂದವು. 1997ರ ಅಲ್ಟಿಮಾ ಆನ್‌ಲೈನ್ ಬಿಡುಗಡೆಗೆ ಮುನ್ನ, ಆಗಸ್ಟ್ ತಿಂಗಳ ಪರೀಕ್ಷಾರ್ಥ ಆಟದಲ್ಲಿ ಗ್ಯಾರಿಯಟ್ ತಮ್ಮ ರಾಜವೇಷದಲ್ಲಿ, ಲಾರ್ಡ್ ಬ್ರಿಟಿಷ್ ಆಗಿ, ಪ್ರಜೆಗಳ ಮುಂದೆ ಬಂದು ನಿಂತರು. ರೈನ್ಜ್ ಎಂಬ ಹೆಸರಿನ ಕಳ್ಳನೊಬ್ಬ ಬೆಂಕಿಯ ಮಂತ್ರ ಎಸೆದ. ರಾಜ ಸತ್ತೇಹೋದ, ಸಾಯದಂತೆ ಇಟ್ಟುಕೊಂಡಿದ್ದ ರಕ್ಷಣೆಯನ್ನು ಮತ್ತೆ ಹಚ್ಚಿಕೊಳ್ಳಲು ಗ್ಯಾರಿಯಟ್ ಮರೆತಿದ್ದರು. ಲೋಕವನ್ನು ಸೃಷ್ಟಿಸಿದವನನ್ನೇ ಕೊಲ್ಲಬಹುದಾದರೆ ಈ ಲೋಕದ ಕತೆ ಯಾರ ಕೈಯಲ್ಲಿದೆ ಎಂಬುದು ಅಂದೇ ಸ್ಪಷ್ಟವಾಯಿತು. 1999ರಲ್ಲಿ ಎವರ್‌ಕ್ವೆಸ್ಟ್ ಬಂತು. 2002ರ ನೆವರ್‌ವಿಂಟರ್ ನೈಟ್ಸ್ ತನ್ನ ಲೋಕ ಕಟ್ಟುವ ಸಲಕರಣೆಗಳನ್ನೇ ಆಟಗಾರರ ಕೈಗೆ ಕೊಟ್ಟಿತು. ಸಣ್ಣ ಸಣ್ಣ ಬಳಗಗಳು ತಮ್ಮದೇ ಸರ್ವರಿನಲ್ಲಿ ವರ್ಷಗಟ್ಟಲೆ ಕತೆ ನಡೆಸಿದವು. 2003ರ ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ ಬಾಹ್ಯಾಕಾಶದ ಕತೆಯಾದರೂ ಇಲ್ಲಿ ಉಲ್ಲೇಖಕ್ಕೆ ಅರ್ಹ. ಯುದ್ಧದಿಂದ ದಣಿದು ಬಂದವರು ಪಾನಗೃಹಕ್ಕೆ ಹೋಗಿ ನರ್ತಕಿಯರ, ವಾದ್ಯಗಾರರ ಮುಂದೆ ಕೂತರೆ ಮಾತ್ರ ಬಳಲಿಕೆ ಇಳಿಯುತ್ತಿತ್ತು. ಆ ನರ್ತಕಿಯೂ ಒಬ್ಬ ಆಟಗಾರ್ತಿ. ಕೂತಮೇಲೆ ಮಾತು ಹುಟ್ಟದೇ ಇರುತ್ತದೆಯೇ? ಪಾತ್ರಧಾರಣೆಗೆ ಆಟದ ರಚನೆಯೇ ಇಷ್ಟು ಅಂದವಾಗಿ ಜಾಗ ಮಾಡಿಕೊಟ್ಟದ್ದು ಅಪರೂಪ.

ಅಜೆರಾತ್ ಮತ್ತು ಅದರ ರೊಟ್ಟಿ ಸುಡುವವರು

ಅಜೆರಾತ್ ಎಂಬ ಕಲ್ಪಿತ ಲೋಕದಲ್ಲಿ ನಡೆಯುವ, ಬ್ಲಿಜರ್ಡ್ ಸಂಸ್ಥೆಯ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರ ನವೆಂಬರಿನಲ್ಲಿ ಹೊರಬಂತು. 2010ರಲ್ಲಿ ಅದರ ಚಂದಾದಾರರ ಸಂಖ್ಯೆ 1.2 ಕೋಟಿ ಮುಟ್ಟಿತು. ಪಾತ್ರಧಾರಿಗಳಿಗೆಂದೇ ಪ್ರತ್ಯೇಕ ಸರ್ವರುಗಳನ್ನು ಸಂಸ್ಥೆ ಮೀಸಲಿಟ್ಟಿತು. ಯೂರೋಪಿನ ಆರ್ಜೆಂಟ್ ಡಾನ್, ಅಮೆರಿಕದ ಮೂನ್ ಗಾರ್ಡ್ ಮತ್ತು ವಿರ್ಮ್‌ರೆಸ್ಟ್ ಅಕಾರ್ಡ್ ಅವುಗಳಲ್ಲಿ ಹೆಸರುವಾಸಿ. ಅಲ್ಲಿ ಹೆಸರಿಡಲೂ ನಿಯಮವಿತ್ತು. ಲೋಕಕ್ಕೆ ಒಗ್ಗದ ಹೆಸರು, ಸಿನಿಮಾ ನಟನ ಹೆಸರು, ಅಂಕಿಅಕ್ಷರಗಳ ಕಲಸುಮೇಲೋಗರ ಕಂಡರೆ ದೂರು ಕೊಡಬಹುದಿತ್ತು.

ಸರ್ವರು ಮೀಸಲಿಟ್ಟರೂ ಆಟದ ರಚನೆ ಪಾತ್ರಧಾರಣೆಗೆ ಅನುಕೂಲವಾಗಿರಲಿಲ್ಲ. 2008ರಲ್ಲಿ ಎಸ್ತರ್ ಮೆಕ್ಯಾಲಮ್-ಸ್ಟುವರ್ಟ್ ಮತ್ತು ಜಸ್ಟಿನ್ ಪಾರ್ಸ್ಲರ್ ಬರೆದ ಪ್ರಬಂಧ ಈ ತೊಡಕನ್ನು ಬಿಡಿಸಿಟ್ಟಿದೆ. ಈ ಲೋಕ ಬದಲಾಗುವುದಿಲ್ಲ. ಕೊಂದ ಡ್ರ್ಯಾಗನ್ ಮುಂದಿನ ವಾರ ಅದೇ ಗುಹೆಯಲ್ಲಿ ಎದ್ದು ಕೂತಿರುತ್ತದೆ. ಕಳೆದುಹೋದ ಉಂಗುರವನ್ನು ನೀವು ಹುಡುಕಿಕೊಟ್ಟ ಮುದುಕಿ, ನಿಮ್ಮ ಹಿಂದೆ ಬಂದವನಿಗೂ ಅದೇ ಉಂಗುರ ಕಳೆದಿದೆ ಎನ್ನುತ್ತಾಳೆ. ಆಟ ಎಲ್ಲರನ್ನೂ ಲೋಕರಕ್ಷಕ ಎಂದು ಹೊಗಳುತ್ತದೆ. ಬೀದಿಯ ತುಂಬ ಲೋಕರಕ್ಷಕರೇ ಇದ್ದ ಮೇಲೆ ಆ ಬಿರುದಿಗೆ ಬೆಲೆ ಎಲ್ಲಿ?

ಪಾತ್ರಧಾರಿಗಳು ಕಂಡುಕೊಂಡ ಪರಿಹಾರ ಈ ವಿಷಯದಲ್ಲೇ ಅತ್ಯಂತ ಸೊಗಸಾದದ್ದು. ಅವರು ಸಣ್ಣ ಬದುಕನ್ನು ಆರಿಸಿಕೊಂಡರು. ರೊಟ್ಟಿ ಸುಡುವವಳು, ರಾತ್ರಿ ಪಹರೆಯ ಕಾವಲುಗಾರ, ದೇವಾಲಯದ ಕಿರಿಯ ಅರ್ಚಕ, ಸಾಲದಲ್ಲಿ ಮುಳುಗಿದ ಜಮೀನುದಾರ, ಕೈ ಕಳೆದುಕೊಂಡ ನಿವೃತ್ತ ಸೈನಿಕ. ಸ್ಟಾರ್ಮ್‌ವಿಂಡ್‌ನಲ್ಲಿ ನಗರದ ಕಾವಲುಪಡೆಯನ್ನೇ ನಡೆಸುವ ಬಳಗಗಳು ಹುಟ್ಟಿದವು. ಕಳ್ಳರ ಬಳಗವೂ ಹುಟ್ಟಿತು, ಹಿಡಿದ ಕಳ್ಳರ ವಿಚಾರಣೆಯೂ ನಡೆಯಿತು. ಮದುವೆ, ಶವಸಂಸ್ಕಾರ, ಸಂತೆ, ಕುದುರೆ ಕಾಳಗದ ಪಂದ್ಯಾವಳಿ ಎಲ್ಲವೂ ಆಟಗಾರರೇ ಏರ್ಪಡಿಸಿದವು. ಆಟದ ರಚನಕಾರರು ಬರೆದ ಮಹಾಯುದ್ಧಕ್ಕಿಂತ, ಯುದ್ಧದಿಂದ ಮಗ ಬರಲಿಲ್ಲ ಎಂದು ಅಂಗಡಿ ಬಾಗಿಲು ಹಾಕಿದ ರೊಟ್ಟಿಯವಳ ಸಂಜೆ ಹೆಚ್ಚು ಜನರ ನೆನಪಿನಲ್ಲಿ ಉಳಿಯಬಲ್ಲದು. ಆ ಸಂಜೆ ಮರುದಿನ ಇನ್ನೊಬ್ಬರಿಗೆ ಹಾಗೆಯೇ ಮರುಕಳಿಸುವುದಿಲ್ಲವಲ್ಲ.

ಆಟದ ಕೆಲವು ಅಡಚಣೆಗಳೂ ನೆರವಿಗೆ ಬಂದವು. ಈ ಲೋಕದಲ್ಲಿ ಎರಡು ಬಣಗಳು, ಅಲಯನ್ಸ್ ಮತ್ತು ಹೋರ್ಡ್. ಒಂದು ಬಣದ ಮಾತು ಇನ್ನೊಂದು ಬಣದವರ ಪರದೆಯಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತಿತ್ತು. ಹಾಗಾಗಿ ಹೋರ್ಡ್ ಬಣದ ಒಬ್ಬ ಓರ್ಕ್ ಮತ್ತು ಅಲಯನ್ಸ್ ಬಣದ ಒಬ್ಬ ಮನುಷ್ಯ ಕಾಡಿನಲ್ಲಿ ಎದುರಾದರೆ ಕೈಸನ್ನೆ, ಬಾಗುವಿಕೆ, ನಗುವೇ ಗತಿ. ಕೊಲ್ಲುವುದು ಸುಲಭವಿದ್ದ ಜಾಗದಲ್ಲಿ ಕೈಬೀಸಿ ಹೊರಟುಹೋದ ವೈರಿಯನ್ನು ಆಟಗಾರ ಬಹುಕಾಲ ಮರೆಯುವುದಿಲ್ಲ. ಪಾತ್ರದ ವಿವರ ತೋರಿಸಲು ಆಟ ಏನನ್ನೂ ಕೊಡದಿದ್ದಾಗ ಆಟಗಾರರೇ ಮೈರೋಲ್‌ಪ್ಲೇ, ಟೋಟಲ್ ಆರ್‌ಪಿ ಮುಂತಾದ ಪೂರಕ ತಂತ್ರಾಂಶಗಳನ್ನು ಬರೆದರು. ಎದುರಿನವರ ಮೇಲೆ ಗುರಿಯಿಟ್ಟರೆ ಅವರ ಎತ್ತರ, ಗಾಯದ ಕಲೆ, ನಡಿಗೆ, ಮೊದಲ ನೋಟಕ್ಕೆ ಮೂಗಿಗೆ ಬಡಿಯುವ ವಾಸನೆಯವರೆಗೂ ಓದಬಹುದು.

ಬೇರೆ ಆಟಗಳ ಪಾತ್ರಧಾರಿಗಳು ಬೇರೆ ದಾರಿ ಹಿಡಿದರು. ಟೋಲ್ಕಿನ್ ಕತೆಗಳನ್ನು ಆಧರಿಸಿದ 2007ರ ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್‌ನಲ್ಲಿ ಆಟಗಾರ ತನ್ನ ಪಾತ್ರದ ಕೈಗೆ ವೀಣೆಯಂಥ ವಾದ್ಯ ಕೊಟ್ಟು ನಿಜವಾಗಿ ನುಡಿಸಬಹುದು. ಲ್ಯಾಂಡ್ರೊವಲ್ ಸರ್ವರಿನಲ್ಲಿ 2009ರಿಂದ ವೆದರ್‌ಸ್ಟಾಕ್ ಎಂಬ ಸಂಗೀತೋತ್ಸವವನ್ನು ಆಟಗಾರರೇ ನಡೆಸಿಕೊಂಡು ಬಂದರು. ಬೆಟ್ಟದ ತುದಿಯಲ್ಲಿ ಒಂದರ ಹಿಂದೊಂದು ವಾದ್ಯವೃಂದ, ಸುತ್ತ ಕುಬ್ಜರು, ಎಲ್ಫ್‌ಗಳು, ಹಾಬಿಟ್‌ಗಳು. ಫೈನಲ್ ಫ್ಯಾಂಟಸಿ 14 ಆಟದಲ್ಲಿ ಆಟಗಾರರ ಮನೆಗಳೇ ಚಹಾದಂಗಡಿ, ಗ್ರಂಥಾಲಯ, ರಂಗಮಂದಿರಗಳಾಗಿವೆ. ಭಾರತದಲ್ಲಿ ಈಚಿನ ವರ್ಷಗಳಲ್ಲಿ ಆರ್‌ಪಿ ಎಂಬ ಮಾತು ಯುವಜನರ ಬಾಯಿಗೆ ಬಂದದ್ದು ಮುಖ್ಯವಾಗಿ ಜಿಟಿಎ 5ರ ಸರ್ವರುಗಳಿಂದ; ಅದು ಅದ್ಭುತಲೋಕವಲ್ಲ, ಪೊಲೀಸು–ಕಳ್ಳರ ಆಧುನಿಕ ನಗರ. ಬರೆಯುವ ಬದಲು ಅಲ್ಲಿ ಮೈಕಿನಲ್ಲಿ ಮಾತನಾಡುತ್ತಾರೆ. ಕಟ್ಟುಪಾಡುಗಳು ಮಾತ್ರ ಬಹುಮಟ್ಟಿಗೆ ಅವೇ.

ಕಟ್ಟುಪಾಡು

ಪಾತ್ರಧಾರಿಗಳೆಲ್ಲರೂ ಬಲ್ಲ ಕಟ್ಟುಪಾಡುಗಳು ಇವು. ಪಾತ್ರದೊಳಗಿನ ಮಾತಿಗೆ ಐಸಿ, ಹೊರಗಿನ ಮಾತಿಗೆ ಓಓಸಿ ಎನ್ನುತ್ತಾರೆ. ‘ಊಟಕ್ಕೆ ಕರೆಯುತ್ತಿದ್ದಾರೆ, ಹತ್ತು ನಿಮಿಷ’ ಎಂದು ಹೇಳಬೇಕಾದರೆ ಜೋಡಿ ಕಂಸದೊಳಗೆ ಬರೆಯಬೇಕು. ಆ ಕಂಸವೇ ಎರಡು ಲೋಕಗಳ ನಡುವಿನ ಹೊಸ್ತಿಲು. ಆಟಗಾರನಾಗಿ ತಿಳಿದದ್ದನ್ನು ಪಾತ್ರದ ಬಾಯಲ್ಲಿ ಆಡುವುದಕ್ಕೆ ಮೆಟಾಗೇಮಿಂಗ್ ಎಂದು ಹೆಸರು. ತಲೆಯ ಮೇಲೆ ಹೆಸರು ತೇಲುತ್ತಿದ್ದರೂ, ಪರಿಚಯವಾಗುವವರೆಗೆ ಎದುರಿನವನ ಹೆಸರು ಹಿಡಿದು ಕರೆಯುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ನಿಯಮ ಹೊಡೆದಾಟದ್ದು. ‘ಕತ್ತಿ ಬೀಸಿ ನಿನ್ನ ತೋಳು ಕಡಿಯುತ್ತಾನೆ’ ಎಂದು ಬರೆಯಕೂಡದು. ಹಾಗೆ ಬರೆಯುವುದು ಗಾಡ್‌ಮೋಡಿಂಗ್, ತಾನೇ ದೇವರಾಗುವುದು. ‘ತೋಳಿಗೆ ಗುರಿಯಿಟ್ಟು ಕತ್ತಿ ಬೀಸುತ್ತಾನೆ’ ಎಂಬಲ್ಲಿಗೆ ನಿಲ್ಲಿಸಬೇಕು. ತಪ್ಪಿಸಿಕೊಂಡನೋ, ಗೀರಿತೋ, ತೋಳೇ ಹೋಯಿತೋ ಎಂದು ಬರೆಯುವ ಹಕ್ಕು ತೋಳಿನ ಒಡೆಯನದು. ಒಮ್ಮತವಾಗದಿದ್ದರೆ ಆಟದೊಳಗಿನ ದಾಳವಿದೆ; ಒಂದರಿಂದ ನೂರರವರೆಗೆ ಉರುಳುತ್ತದೆ. ಪ್ರತಿಯೊಂದು ಸಾಲಿನ ಅರ್ಧವನ್ನು ಇನ್ನೊಬ್ಬರ ಕೈಗೆ ಬಿಟ್ಟುಕೊಡಬೇಕು ಎಂಬ ಈ ನಿಯಮವೇ ಪಾತ್ರಧಾರಣೆಯನ್ನು ಹಗಲುಗನಸಿನಿಂದ ಬೇರ್ಪಡಿಸುತ್ತದೆ. ಹಗಲುಗನಸಿನಲ್ಲಿ ಸೋಲಿಲ್ಲ, ಅನಿರೀಕ್ಷಿತವಿಲ್ಲ. ಇಲ್ಲಿ ಎದುರಿನವರು ಏನು ಬರೆಯುತ್ತಾರೋ ಎಂದು ಕಾಯುವ ಅರ್ಧ ನಿಮಿಷ ಇದೆ. ಒಳ್ಳೆಯ ಪಾತ್ರಧಾರಿಗಳು ಗೆಲ್ಲುವುದಕ್ಕಿಂತ ಚೆನ್ನಾಗಿ ಸೋಲುವುದರಲ್ಲಿ ಹೆಸರು ಮಾಡುತ್ತಾರೆ.

ಕರಾವಳಿಯ ತಾಳಮದ್ದಳೆ ಕೇಳಿದವರಿಗೆ ಇದರ ರುಚಿ ತಟ್ಟನೆ ತಿಳಿಯುತ್ತದೆ. ಎರಡಕ್ಕೂ ಚಾರಿತ್ರಿಕ ನಂಟೇನೂ ಇಲ್ಲ. ಆದರೆ ಬಗೆ ಒಂದೇ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತಿಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಅರ್ಥಧಾರಿ ಆ ಕ್ಷಣಕ್ಕೆ ಹುಟ್ಟಿದ ಮಾತಿನಿಂದಲೇ ಕರ್ಣನನ್ನೋ ವಾಲಿಯನ್ನೋ ಎದುರಿಗೆ ತಂದು ಕೂರಿಸಬೇಕು. ಎದುರು ಅರ್ಥಧಾರಿ ಎತ್ತಿದ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಒಂದು ವ್ಯತ್ಯಾಸ ದೊಡ್ಡದು: ಪ್ರಸಂಗದ ಕೊನೆ ಎಲ್ಲರಿಗೂ ಮೊದಲೇ ಗೊತ್ತು, ಕೇಳಲು ಸಭೆಯೂ ಇದೆ. ಆಟದ ಪಾತ್ರಧಾರಿಗಳಿಗೆ ಕೊನೆ ಗೊತ್ತಿಲ್ಲ, ಆಡುವವರೇ ಸಭೆ.

ಸೆಳೆತದ ಕಾರಣಗಳು

ಮಡ್ ಕಟ್ಟಿದ ಬಾರ್ಟಲ್ 1996ರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಾಧಿಸುವವರು, ಅನ್ವೇಷಿಸುವವರು, ಬೆರೆಯುವವರು, ಕಾಡುವವರು. ಪಾತ್ರಧಾರಿಗಳನ್ನು ಅವರು ಬೆರೆಯುವವರ ಜೊತೆ ಸೇರಿಸಿದರು. ನಿಕ್ ಯೀ 2006ರಲ್ಲಿ ಸುಮಾರು 3,000 ಆಟಗಾರರ ಉತ್ತರಗಳನ್ನು ವಿಶ್ಲೇಷಿಸಿ, ಸಾಧನೆ, ಸಾಂಗತ್ಯ, ತನ್ಮಯತೆ ಎಂಬ ಮೂರು ದೊಡ್ಡ ಪ್ರೇರಣೆಗಳನ್ನು ಗುರುತಿಸಿದರು. ಪಾತ್ರಧಾರಣೆ ಅವರ ಪಟ್ಟಿಯಲ್ಲಿ ತನ್ಮಯತೆಯ ಪಾಲಿಗೆ ಬಂತು. ಇಬ್ಬರ ನಡುವಿನ ಈ ಭೇದವೇ ಸೂಚಕ. ಪಾತ್ರಧಾರಣೆ ಒಬ್ಬಂಟಿ ಕಲ್ಪನೆಯೋ, ನಾಲ್ಕು ಜನರ ಸಹವಾಸವೋ ಎಂದು ಬಿಡಿಸಿ ಇಡಲು ಆಗುವುದಿಲ್ಲ. ಕಲ್ಪನೆಯ ಅತ್ಯಂತ ಖಾಸಗಿ ಮೂಲೆಯೇ ಇಲ್ಲಿ ನಾಲ್ವರು ಕೂಡುವ ಕಟ್ಟೆ.

ಷೆರಿ ಟರ್ಕಲ್ 1995ರ ‘ಲೈಫ್ ಆನ್ ದ ಸ್ಕ್ರೀನ್’ ಪುಸ್ತಕದಲ್ಲಿ ಮಡ್ ಆಟಗಾರರನ್ನು ಮಾತನಾಡಿಸಿ, ಒಬ್ಬನೇ ವ್ಯಕ್ತಿ ಹಲವು ‘ನಾನು’ಗಳನ್ನು ಪ್ರಯೋಗಿಸಿ ನೋಡುವ ಜಾಗ ಇದು ಎಂದರು. ಸಂಕೋಚದವನು ಸೇನಾಪತಿಯಾಗಿ ಗದರಿಸಿ ನೋಡುತ್ತಾನೆ; ಸದಾ ಎಲ್ಲರ ಜವಾಬ್ದಾರಿ ಹೊತ್ತವಳು ಯಾವ ಹಂಗೂ ಇಲ್ಲದ ಅಲೆಮಾರಿಯಾಗುತ್ತಾಳೆ. ಗಂಡಸರು ಹೆಣ್ಣುಪಾತ್ರ ವಹಿಸುವುದು ಈ ಆಟಗಳಲ್ಲಿ ತೀರ ಸಾಮಾನ್ಯ. ಪ್ರಯೋಗ ಪರದೆಗೇ ಮುಗಿಯುವುದೂ ಇಲ್ಲ. 2007ರಲ್ಲಿ ಯೀ ಮತ್ತು ಜೆರೆಮಿ ಬೈಲೆನ್‌ಸನ್ ನಡೆಸಿದ ಪ್ರಯೋಗಗಳಲ್ಲಿ, ಎತ್ತರದ ಅವತಾರ ಸಿಕ್ಕವರು ಚೌಕಾಶಿಯಲ್ಲಿ ಹೆಚ್ಚು ಪಟ್ಟು ಹಿಡಿದರು. ಚೆಂದದ ಅವತಾರ ಸಿಕ್ಕವರು ಎದುರಿನವರ ಹತ್ತಿರಕ್ಕೆ ಹೋಗಿ ನಿಂತರು. ತೊಟ್ಟ ವೇಷ ತೊಟ್ಟವನನ್ನು ತಿದ್ದುತ್ತದೆ.

ವಾಸ್ತವದಿಂದ ಓಡಿಹೋಗುವವರ ಚಟ ಎಂಬ ಮಾತು ಪಾತ್ರಧಾರಿಗಳ ಬಗ್ಗೆ ಪದೇ ಪದೇ ಕೇಳಿಬರುತ್ತದೆ. ಡಿಮಿಟ್ರಿ ವಿಲಿಯಮ್ಸ್ ಮತ್ತು ಸಂಗಡಿಗರು ಎವರ್‌ಕ್ವೆಸ್ಟ್ 2ರ ಆಟಗಾರರನ್ನು ಅಭ್ಯಸಿಸಿ 2011ರಲ್ಲಿ ಬರೆದ ಪ್ರಬಂಧ, ಗಾಢವಾಗಿ ಪಾತ್ರ ಧರಿಸುವವರು ಆಟಗಾರರಲ್ಲಿ ಸಣ್ಣ ಅಲ್ಪಸಂಖ್ಯೆ ಎಂದು ಕಂಡುಕೊಂಡಿತು. ಹೊರಗಿನ ಬದುಕಿನಲ್ಲಿ ಅಂಚಿಗೆ ಸರಿಸಲ್ಪಟ್ಟವರು, ಮನಸ್ಸಿನ ಭಾರ ಹೊತ್ತವರು ಅವರಲ್ಲಿ ಹೆಚ್ಚು ಎಂದೂ ಹೇಳಿತು. ಇದನ್ನು ಓಟ ಎಂದು ಓದುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು: ಹೊರಗೆ ಯಾರೂ ಕಿವಿಗೊಡದವನು, ಕಿವಿಗೊಡುವವರಿರುವ ಕಡೆ ಹೋದರೆ ಅದು ಓಡಿಹೋಗುವುದೇ?

ಐಬೆಲಿನ್

ಈ ಪ್ರಶ್ನೆಗೆ ಅತ್ಯಂತ ವಿವರವಾಗಿ ದಾಖಲಾದ ಉತ್ತರ ನಾರ್ವೆಯ ಮ್ಯಾಟ್ಸ್ ಸ್ಟೀನ್ ಅವರ ಬದುಕು. 1989ರಲ್ಲಿ ಹುಟ್ಟಿದ ಅವರಿಗೆ ಡುಷೆನ್ ಎಂಬ ಸ್ನಾಯುಕ್ಷಯದ ಕಾಯಿಲೆ. ಬಾಲ್ಯದಲ್ಲೇ ಗಾಲಿಕುರ್ಚಿ, ಬರಬರುತ್ತ ಬೆರಳಷ್ಟೇ ಅಲುಗಾಡುವ ಸ್ಥಿತಿ. 2014ರ ನವೆಂಬರಿನಲ್ಲಿ, 25ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮಗ ಗೆಳೆತನ, ಪ್ರೇಮ ಯಾವುದನ್ನೂ ಕಾಣದೆ ಪರದೆಯ ಮುಂದೆಯೇ ಬದುಕು ಮುಗಿಸಿದ ಎಂದು ತಂದೆತಾಯಿ ನೊಂದಿದ್ದರು. ಮಗ ಬರೆಯುತ್ತಿದ್ದ ಬ್ಲಾಗಿನಲ್ಲಿ ಸಾವಿನ ಸುದ್ದಿ ಹಾಕಿ, ಕೆಳಗೆ ತಮ್ಮ ವಿಳಾಸ ಕೊಟ್ಟರು. ಯೂರೋಪಿನ ಮೂಲೆಮೂಲೆಗಳಿಂದ, ಅವರು ಹೆಸರೇ ಕೇಳದ ಜನರಿಂದ, ದುಃಖದ ಪತ್ರಗಳು ಬರತೊಡಗಿದವು. ಪತ್ರಗಳಲ್ಲಿ ಮಗನ ಹೆಸರು ಐಬೆಲಿನ್ ಎಂದಿತ್ತು.

ಆರ್ಜೆಂಟ್ ಡಾನ್ ಸರ್ವರಿನ ಸ್ಟಾರ್‌ಲೈಟ್ ಎಂಬ ಪಾತ್ರಧಾರಿಗಳ ಬಳಗದಲ್ಲಿ ಮ್ಯಾಟ್ಸ್ ಹಲವು ವರ್ಷ ಐಬೆಲಿನ್ ರೆಡ್‌ಮೂರ್ ಆಗಿದ್ದರು. ಕುಲೀನ, ಪತ್ತೇದಾರ, ಮಾತಿನ ಚತುರ. ಪ್ರತಿದಿನ ಅಜೆರಾತ್‌ನಲ್ಲಿ ದೂರ ದೂರ ಓಡುವುದು ಆ ಪಾತ್ರದ ಅಭ್ಯಾಸ. ಬಳಗದವರಿಗೆ ಅವರ ಕಾಯಿಲೆ ಬಹುಕಾಲ ಗೊತ್ತಿರಲಿಲ್ಲ. ಗೊತ್ತಿದ್ದುದು, ತಮ್ಮ ಕಷ್ಟ ಕೇಳುವ ಒಬ್ಬ ಗೆಳೆಯ. ಬಳಗದ ಒಬ್ಬ ತಾಯಿಗೆ, ದೂರವಾಗಿದ್ದ ಮಗನನ್ನು ಆಟದ ಮೂಲಕವೇ ಹತ್ತಿರ ಮಾಡಿಕೊಳ್ಳುವ ದಾರಿ ತೋರಿಸಿದ್ದರು. ಮ್ಯಾಟ್ಸ್ ಅವರ ಕೋಪ, ಮುನಿಸು, ಜನರನ್ನು ದೂರ ತಳ್ಳಿದ್ದೂ ಇತ್ತು; ಬಳಗದವರು ಅದನ್ನೂ ಮುಚ್ಚಿಡದೆ ಹೇಳಿದ್ದಾರೆ. ಶವಸಂಸ್ಕಾರಕ್ಕೆ ಬೇರೆ ದೇಶಗಳಿಂದಲೂ ಬಳಗದವರು ಬಂದರು. ಮ್ಯಾಟ್ಸ್ ಅವರ ಬದುಕಿನ ಬಗ್ಗೆ ಬೆಂಜಮಿನ್ ರೀ ನಿರ್ದೇಶಿಸಿದ ಸಾಕ್ಷ್ಯಚಿತ್ರ 2024ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡು ಪ್ರೇಕ್ಷಕರ ಪ್ರಶಸ್ತಿ ಪಡೆಯಿತು.

ಮ್ಯಾಟ್ಸ್ ಅವರ ಕತೆಯನ್ನು ಕರುಣೆಯ ಕತೆಯಾಗಿ ನೋಡುವವರಿದ್ದಾರೆ. ಬಳಗದವರಿಗೆ ಐಬೆಲಿನ್ ಕಂಡದ್ದು ಕರುಣೆಗೆ ಪಾತ್ರನಾದವನಾಗಿ ಅಲ್ಲವೇ ಅಲ್ಲ. ಗಾಲಿಕುರ್ಚಿ ಕಾಣದ ಕಡೆ ಅವರ ಬುದ್ಧಿ, ಹಾಸ್ಯ, ಹಟ ಕಂಡವು. ಮಾತಿನಿಂದಲೇ ಮನುಷ್ಯನನ್ನು ಅಳೆಯುವ ಲೋಕ ಅದು. ಪಾತ್ರಧಾರಣೆಯ ಸೆಳೆತವನ್ನು ಒಬ್ಬರ ಉದಾಹರಣೆಯಿಂದ ತೋರಿಸಬೇಕಾದರೆ ಇದಕ್ಕಿಂತ ಪೂರ್ಣವಾದ ಉದಾಹರಣೆ ಇಲ್ಲ.

ಎಲ್ಲೆ ಮೀರಿದಾಗ

ಪಾತ್ರದ ಭಾವನೆ ಆಟಗಾರನೊಳಕ್ಕೆ ಸೋರುವುದನ್ನು ಪಾತ್ರಧಾರಿಗಳು ಬ್ಲೀಡ್ ಎನ್ನುತ್ತಾರೆ. ಪಾತ್ರಗಳ ಪ್ರೇಮ ಆಟಗಾರರ ಪ್ರೇಮವಾಗುವುದುಂಟು. ಪಾತ್ರಗಳ ಜಗಳ ಬಳಗವನ್ನೇ ಒಡೆಯುವುದುಂಟು. ಆಟದೊಳಗೆ ಹೀಗಾಗುವ ಗಾಯದ ತೀವ್ರತೆಯನ್ನು ಜಗತ್ತಿಗೆ ಮೊದಲು ತಿಳಿಸಿದ್ದು ಪಾವೆಲ್ ಕರ್ಟಿಸ್ 1990ರಲ್ಲಿ ಸ್ಥಾಪಿಸಿದ ಲ್ಯಾಂಬ್ಡಾಮೂ ಎಂಬ ಪಠ್ಯಲೋಕದ ಪ್ರಕರಣ. ಅಲ್ಲೊಬ್ಬ ಆಟಗಾರ ಇತರರ ಪಾತ್ರಗಳನ್ನು ತನ್ನ ಹತೋಟಿಗೆ ತೆಗೆದುಕೊಂಡು, ಅವರ ಹೆಸರಿನಲ್ಲಿ ಲೈಂಗಿಕ ಹಿಂಸೆಯ ಸಾಲುಗಳನ್ನು ಎಲ್ಲರೆದುರು ಬರೆದ. 1993ರಲ್ಲಿ ಜೂಲಿಯನ್ ಡಿಬೆಲ್ ಇದನ್ನು ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬರೆದಾಗ, ಬರೀ ಅಕ್ಷರಗಳಿಂದ ನಿಜವಾದ ನೋವಾಗಬಲ್ಲದೇ ಎಂಬ ಚರ್ಚೆ ಎದ್ದಿತು. ಇನ್ನೊಬ್ಬರ ಪಾತ್ರದ ಮೇಲೆ ಕೈಹಾಕಬಾರದು ಎಂಬ ನಿಯಮ ಬರಿಯ ಶಿಷ್ಟಾಚಾರವಲ್ಲ ಎಂದು ಅಲ್ಲಿ ಸಾಬೀತಾಯಿತು.

ಲೈಂಗಿಕ ಪಾತ್ರಧಾರಣೆ ಬಗೆಹರಿಯದ ಇನ್ನೊಂದು ಸಮಸ್ಯೆ. ಮೂನ್ ಗಾರ್ಡ್ ಸರ್ವರಿನ ಗೋಲ್ಡ್‌ಶೈರ್ ಎಂಬ ಹಳ್ಳಿ ಇದಕ್ಕೆ ಕುಖ್ಯಾತವಾಗಿ, 2010ರಲ್ಲಿ ಬ್ಲಿಜರ್ಡ್ ಅಲ್ಲಿ ನಿಗಾ ಇಡುವುದಾಗಿ ಹೇಳಬೇಕಾಯಿತು. ಎದುರಿನ ಆಟಗಾರನ ವಯಸ್ಸು ಗೊತ್ತಾಗದ ಕಡೆ ಈ ಅಪಾಯವನ್ನು ಕಡೆಗಣಿಸುವಂತಿಲ್ಲ. ಮಕ್ಕಳಿರುವ ಮನೆಯವರು ಇದನ್ನು ತಿಳಿದಿರಬೇಕು. ಅದೇ ವರ್ಷದ ಜುಲೈಯಲ್ಲಿ ಸಂಸ್ಥೆ ತನ್ನ ಚರ್ಚಾವೇದಿಕೆಯಲ್ಲಿ ಆಟಗಾರರ ನಿಜವಾದ ಹೆಸರು ಕಾಣಿಸುವಂತೆ ಮಾಡಲು ಹೊರಟು, ಭಾರಿ ಪ್ರತಿಭಟನೆಯಿಂದ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. ಹೆಸರು ಮರೆಮಾಡುವುದು ಕಿಡಿಗೇಡಿಗೆ ಆಸರೆ. ಪಾತ್ರಧಾರಿಗೂ ಅದೇ ಆಸರೆ. ಒಂದನ್ನು ಕಿತ್ತು ಇನ್ನೊಂದನ್ನು ಉಳಿಸುವ ಉಪಾಯ ಯಾರಿಗೂ ಹೊಳೆದಿಲ್ಲ.

ಉಳಿದದ್ದು, ಅಳಿದದ್ದು

ಈ ಕಲೆಗೆ ಗ್ರಂಥಾಲಯವಿಲ್ಲ. ಮಾತಿನ ಚೌಕದಲ್ಲಿ ಸಾಲು ಮೇಲಕ್ಕೆ ಸರಿದರೆ ಹೋಯಿತು. ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್ 2011ರ ಡಿಸೆಂಬರಿನಲ್ಲಿ ಮುಚ್ಚಿದಾಗ ಎಂಟು ವರ್ಷಗಳ ಆ ಪಾನಗೃಹಗಳ ಮಾತುಕತೆಗಳೂ ಅದರೊಂದಿಗೆ ಹೋದವು. ಆಟಗಳ ತಂತ್ರಾಂಶವನ್ನು ಕಾಪಿಡುವ ವಸ್ತುಸಂಗ್ರಹಾಲಯಗಳು ಈಗ ಇವೆ. ಆದರೆ ತಂತ್ರಾಂಶ ಖಾಲಿ ರಂಗಸ್ಥಳ. ಅದರ ಮೇಲೆ ಆಡಿದ ಮಾತನ್ನು ಕೂಡಿಡುವ ಕೆಲಸ ಇನ್ನೂ ಆಟಗಾರರ ಪಾಲಿಗೇ ಉಳಿದಿದೆ. ಇಂದು ಯಾವುದಾದರೂ ಬಳಗದಲ್ಲಿ ಪಾತ್ರ ಧರಿಸುತ್ತಿರುವ ಕನ್ನಡದ ಓದುಗರಿದ್ದರೆ ಅವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಜೊತೆಯವರ ಒಪ್ಪಿಗೆ ಪಡೆದು, ನಿಮ್ಮ ಸಂಜೆಗಳ ಸಾಲುಗಳನ್ನು ಒಂದು ಕಡೆ ಉಳಿಸಿಡಿ.

ಐಬೆಲಿನ್‌ನ ಬದುಕು ಚಿತ್ರವಾಗಿ ಮರಳಿ ಬರಲು ಸಾಧ್ಯವಾದದ್ದು ಸ್ಟಾರ್‌ಲೈಟ್ ಬಳಗ ತನ್ನ ಮಾತುಕತೆಗಳ ಸಾವಿರಾರು ಪುಟಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರಿಂದ. ಮ್ಯಾಟ್ಸ್ ಅವರ ನೆನಪಿಗಾಗಿ ಬಳಗದವರು ವರ್ಷಕ್ಕೊಮ್ಮೆ ಆಟದೊಳಗೆ ಒಟ್ಟುಗೂಡಿ, ಅವರು ಓಡುತ್ತಿದ್ದ ದಾರಿಯಲ್ಲಿ ಓಡುತ್ತಾರೆ.